ಅಪ್ಪನ ಕರೆಂಟ್ ಗಾಡಿಗೆ ಸೋಮವಾರ ರಜೆ

ಅಪ್ಪನ ಮೊಣಕಾಲು ಕೈಕೊಟ್ಟ ವರ್ಷವೇ ನಮ್ಮ ಮನೆಗೆ ಕರೆಂಟ್ ಗಾಡಿ ಬಂತು. ತಂದವನು ನಾನು. ಗುಡಗೇರಿಯ ಹತ್ತಿರದ ನಮ್ಮೂರಿನಿಂದ ಹೊಲಕ್ಕೆ ಮೂರು ಕಿಲೋಮೀಟರು. ದಿನಕ್ಕೊಮ್ಮೆ ಬದುವಿನ ಮೇಲೆ ನಿಂತು ಯಾರನ್ನಾದರೂ ಬೈಯದಿದ್ದರೆ ಅಪ್ಪನಿಗೆ ರೊಟ್ಟಿ ಇಳಿಯುವುದಿಲ್ಲ. ನಡೆಯಲು ಆಗದು, ಮೋಟಾರ್ ಸೈಕಲ್ಲಿನ ಗೇರು ತಿಳಿಯದು. ಗೇರಿಲ್ಲದ, ಹ್ಯಾಂಡಲ್ ತಿರುವಿದರೆ ಓಡುವ ಗಾಡಿಯಾದರೆ ಹೊಲ ಮುಟ್ಟಿಯಾನು, ಇಲ್ಲದಿದ್ದರೆ ಮನೆ ಮುಂದಿನ ಕಟ್ಟೆಯೇ ಗತಿ ಅಂದುಕೊಂಡೆ.

ಅಪ್ಪ ಜೀವಮಾನವೆಲ್ಲ ಎತ್ತು ಕಟ್ಟಿ ದುಡಿದವನು. ಗಾಡಿಯ ಜೊತೆ ಬಂದ ಪುಸ್ತಕವನ್ನು ನಾನು ಕನ್ನಡಕ ಹುಡುಕಿ ಓದಿ ಹೇಳುವಷ್ಟರಲ್ಲಿ ಅವನು ತನ್ನದೇ ಕಾನೂನು ಮಾಡಿ ಮುಗಿಸಿದ್ದ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಹಾಗಾಗಿ ಗಾಡಿಗೂ ಸೋಮವಾರ ರಜೆ. ಒಂದು ಸೋಮವಾರ ನನಗೆ ಬಸ್ಸು ತಪ್ಪಿತು. ನಾನು ಮಾಸ್ತರ; ಶಾಲೆಗೆ ತಡವಾಗುತ್ತದೆಂದು ಕೀಲಿಕೈ ಎತ್ತಿಕೊಂಡೆ.

"ಇಡು ಅಲ್ಲೇ," ಅಂದ ಅಪ್ಪ. "ಇವತ್ತ ಸೋಮಾರ."

"ಅಪ್ಪಾ, ಅದಕ್ಕ ಜೀವ ಇಲ್ಲೋ."

"ನಿನಗ ಐತಲ್ಲ? ನಡಕೋತ ಹೋಗು."

ಅವತ್ತು ಎರಡನೆಯ ಪೀರಿಯಡ್ಡಿಗೆ ಶಾಲೆ ಮುಟ್ಟಿದೆ. ಹೆಡ್ ಮಾಸ್ತರರಿಗೆ ಕಾರಣ ಹೇಳಲು ಹೋಗಲಿಲ್ಲ.

ಹೊಲದಿಂದ ಬಂದ ಅಪ್ಪ ತಾನು ನೀರು ಕುಡಿಯುವ ಮೊದಲು ಗಾಡಿಗೆ ಚಾರ್ಜಿಂಗ್ ವೈರು ಹಚ್ಚುತ್ತಿದ್ದ. "ದುಡದು ಬಂದದ್ದಕ್ಕ ಮೊದಲ ಮೇವು" ಎನ್ನುತ್ತಿದ್ದ. ಮಳೆಗಾಲದಲ್ಲಿ ಎರೆಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡರೆ, ಕಡ್ಡಿ ಹಿಡಿದು ಕೂತು ಗೊರಸು ಕೆರೆದಂತೆ ತಾಸುಗಟ್ಟಲೆ ಕೆರೆಯುತ್ತಿದ್ದ. ಅವ್ವನನ್ನು ಹಿಂದೆ ಕೂರಿಸಿಕೊಂಡು ಹೋದರೆ ಹಳ್ಳದ ಏರು ಬಂದಾಗ, ಗಾಡಿಗೆ ಭಾರವಾಗುತ್ತದೆಂದು ಇಳಿಸಿ ನಡೆಸುತ್ತಿದ್ದ.

"ನಾ ಜ್ವಾಳದ ಚೀಲ ಆಗಿದ್ರ ಇಳಸ್ತಿದ್ದಿಲ್ಲ ನೀವು," ಎಂದು ಅವ್ವ ಸೆರಗು ಸಿಕ್ಕಿಸಿಕೊಂಡು ಏರು ಹತ್ತುತ್ತಿದ್ದಳು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಕಾರಹುಣ್ಣಿಮೆ ಬಂತು. ಊರಿನವರು ಎತ್ತುಗಳನ್ನು ಕೆರೆಗೆ ಹೊಡೆದುಕೊಂಡು ಹೋಗಿ ಮೈ ತೊಳೆದು, ಕೋಡಿಗೆ ಬಣ್ಣ ಬಳಿಯುವ ಹಬ್ಬ. ಅಪ್ಪ ಗಾಡಿಯನ್ನೇ ಕೆರೆಗಿಳಿಸಿದ. ಸೀಟಿನ ಮಟ್ಟಕ್ಕೆ ನೀರು. ನಾರಿನಿಂದ ಗಸಗಸ ತಿಕ್ಕಿ, ದಡಕ್ಕೆ ತಂದು, ಹ್ಯಾಂಡಲ್ಲಿನ ಎರಡೂ ತುದಿಗೆ ಕೆಂಪು ಬಣ್ಣ ಹಚ್ಚಿ, ಗೊಂಡೆ ಕಟ್ಟಿ ಕೀಲಿ ತಿರುವಿದರೆ ಗಾಡಿ ಒಮ್ಮೆ ಕುಂಯ್ ಎಂದು ಸುಮ್ಮನಾಯಿತು. ಯಾರದಾದರೂ ಎತ್ತು ಕಟ್ಟಿ ಎಳೆಸೋಣವೆಂದರೆ, ಹಬ್ಬದ ದಿನ ಎತ್ತಿಗೆ ಕೆಲಸ ಹೇಳಬಾರದೆಂದು ಅಪ್ಪ ಹಟ ಹಿಡಿದ. ಕೆಂಪು ಕೋಡಿನ ಆ ಗಾಡಿಯನ್ನು ಇಡೀ ಊರಿನ ಎದುರು ನೂಕಿಕೊಂಡು ಬಂದವನು ನಾನು. ನನ್ನ ಶಾಲೆಯ ಮಕ್ಕಳು ಚಪ್ಪಾಳೆ ಬೇರೆ ತಟ್ಟಿದರು.

ಗುಡಗೇರಿಯ ಮಿಸ್ತ್ರಿ ನಮ್ಮ ಸೀಮೆಗೆಲ್ಲ ಈ ಗಾಡಿಗಳ ಡಾಕ್ಟರು. ಅಜ್ಜನ ಕಾಲದಿಂದ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುತ್ತ ಬಂದ ಮನೆತನ. ಶುಕ್ರವಾರದ ನಮಾಜಿನ ಹೊತ್ತು ಬಿಟ್ಟರೆ ಅವರ ಅಂಗಡಿಗೆ ಬಾಗಿಲು ಹಾಕಿದ್ದನ್ನು ಯಾರೂ ನೋಡಿಲ್ಲ. ಮೋಟಾರಿಗೆ ಕರೆಂಟನ್ನು ಹದವಾಗಿ ಹಂಚುವ ಕಂಟ್ರೋಲರ್ ಡಬ್ಬಿಯನ್ನು ಬಿಚ್ಚಿದರು. ಕೆರೆಯ ನೀರು ಅವರ ಅಂಗಿಯ ಮೇಲೆ ಸುರಿಯಿತು.

"ಕಾಕಾ, ಇದನ್ನ ಹಸಿ ಅರಬೀಲೆ ಒರಸಬೇಕ್ರಿ. ಈಸಾಕ ಬಿಡಬಾರ್ದು."

"ಮಳ್ಯಾಗ ಓಡತೈತಿ, ಕೆರ್‍ಯಾಗ ಯಾಕ ಓಡಂಗಿಲ್ಲ?" ಎಂದು ಅಪ್ಪ ಅವರನ್ನೇ ತರಾಟೆಗೆ ತೆಗೆದುಕೊಂಡ.

ಹೊಸ ಕಂಟ್ರೋಲರ್ ಬಂತು. ಮುಂದಿನ ವರ್ಷಗಳಲ್ಲಿ ಬ್ರೇಕ್ ಶೂ ಸವೆದವು, ಹಿಂದಿನ ಟೈರು ಬೋಳಾಯಿತು. ಅವನ್ನೆಲ್ಲ ಅಪ್ಪ ಎತ್ತಿಗೆ ಲಾಳ ಕಟ್ಟಿಸಿದಷ್ಟೇ ಸಹಜವಾಗಿ ಬದಲಿಸಿಕೊಂಡ. ಉಳಿದವರ ಬ್ಯಾಟರಿ ಎರಡು ವರ್ಷಕ್ಕೆ ಮಲಗಿದರೆ ಅಪ್ಪನವು ನಾಲ್ಕನೆಯ ವರ್ಷಕ್ಕೆ ಕಾಲಿಟ್ಟವು. "ಕಾಕಾ ಹೆಂಗ ಸಾಕ್ಯಾರ ನೋಡ್ರಿ," ಎಂದು ಮಿಸ್ತ್ರಿ ಬಂದ ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದರು. ಪುಸ್ತಕ ಓದಿದ್ದ ನನಗೆ ಹೊಟ್ಟೆಕಿಚ್ಚಾಯಿತು.

ಆಮೇಲೊಂದು ದಿನ ಗಾಡಿ ಹಳ್ಳದ ಏರಿನಲ್ಲಿ ನಿಂತುಬಿಟ್ಟಿತು. ಮಿಸ್ತ್ರಿ ನಾಲ್ಕೂ ಬ್ಯಾಟರಿಗೆ ಒಂದೊಂದಾಗಿ ಮೀಟರು ಹಚ್ಚಿ ನೋಡಿದರು. ಒಂದು ಪೂರ್ತಿ ಸೋತಿತ್ತು.

"ನಾಲ್ಕೂ ಬದ್ಲಿ ಮಾಡಬೇಕ್ರಿ ಕಾಕಾ. ಒಂದ ಹೊಸಾದು ಹಾಕಿದ್ರ ಹಳೇವು ಅದನ್ನೂ ಕೆಡಸ್ತಾವ."

"ಹೋರಿ ಜೋಡಿ ಮುದಿ ಎತ್ತು ಹೂಡಿದಂಗ. ಅದು ತಿಳೀತು. ಆದ್ರ ಉಳದ ಮೂರು ಏನ ತಪ್ಪ ಮಾಡ್ಯಾವು? ಎಲ್ಲಿ ಹೊಕ್ಕಾವು ಅವು?"

"ಗುಜರಿಗೆ ರೀ. ಒಡದು ಸೀಸ ಕರಗಸ್ತಾರ."

"ಬ್ಯಾಡ," ಎಂದು ಅಪ್ಪ ಎದ್ದುಬಿಟ್ಟ. ಗಾಡಿ ಅಂಗಳ ಸೇರಿತು, ಅಪ್ಪ ಕಟ್ಟೆ ಸೇರಿದ.

ಹೊಲದಲ್ಲಿ ಬೈಯಬೇಕಾದದ್ದನ್ನೆಲ್ಲ ಈಗ ಮನೆಯಲ್ಲಿ ಬೈಯತೊಡಗಿದ. ರೊಟ್ಟಿಯ ಅಂಚು ದಪ್ಪ, ನನ್ನ ಅಂಗಿಯ ಇಸ್ತ್ರಿ ಸೊಟ್ಟ, ಎದುರು ಮನೆಯ ಕೋಳಿ ನಡೆಯುವ ರೀತಿ ಸರಿಯಿಲ್ಲ.

"ಇವರನ್ನ ಹೊಲಕ್ಕ ಕಳಸು, ಇಲ್ಲಾಂದ್ರ ನನ್ನನ್ನ ತವರಮನಿಗೆ ಕಳಸು," ಅಂದಳು ಅವ್ವ.

ಹನ್ನೆರಡನೆಯ ದಿನಕ್ಕೆ ಅಪ್ಪ ಬೈಯುವುದನ್ನು ನಿಲ್ಲಿಸಿದ. ಕೋಳಿ ಎದುರಿಗೇ ಹಾದು ಹೋದರೂ ಸುಮ್ಮನೆ ಕೂತಿದ್ದ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಮರುವಾರ ದುಮ್ಮವಾಡದಲ್ಲಿ ನಮ್ಮ ಸಂಬಂಧಿಕರ ಮದುವೆಯಿತ್ತು. ಅಪ್ಪ ಅಲ್ಲಿಗೆ ಹೋದಾಗ ಗುಟ್ಟಾಗಿ ನಾಲ್ಕೂ ಬ್ಯಾಟರಿ ಬದಲಿಸಿಬಿಟ್ಟರೆ ಅವನಿಗೆ ಗೊತ್ತಾಗುವುದಿಲ್ಲ. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡು ಮಿಸ್ತ್ರಿಗೆ ಹೇಳಲು ಹೋದೆ. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು.

"ಕಾಕಾನ್ನ ಕೇಳೀರೇನ್ರಿ ಮಾಸ್ತರ್‍ರ?"

"ಕೇಳಿದ್ರ ಬ್ಯಾಡ ಅಂತಾನ್ರಿ."

"ಹಂಗಾರ ನಾ ಕೈ ಹಚ್ಚಂಗಿಲ್ರಿ."

ಸಿಟ್ಟು ನೆತ್ತಿಗೇರಿತು. ಅರ್ಧ ದಾರಿ ಅವರನ್ನು ಮನಸ್ಸಿನಲ್ಲೇ ಬೈದೆ. ಉಳಿದರ್ಧ ದಾರಿಯಲ್ಲಿ ಬೇರೆಯದು ನೆನಪಾಯಿತು. ಅಪ್ಪ ಮೊಣಕಾಲಿಗಾಗಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ ನಾನು ಅವನನ್ನು ಕೇಳದೆ ನಮ್ಮ ಎರಡೂ ಎತ್ತುಗಳನ್ನು ಒಬ್ಬ ದಲಾಲಿಯ ಕೈಗೆ ಹಗ್ಗಸಹಿತ ಕೊಟ್ಟಿದ್ದೆ. ಅವನು ಎಲ್ಲಿಗೆ ಹೊಡೆದುಕೊಂಡು ಹೋಗುತ್ತಾನೆಂದು ಕೇಳಲಿಲ್ಲ, ಕೇಳಲು ಧೈರ್ಯವಿರಲಿಲ್ಲ. ಅಪ್ಪ ಮನೆಗೆ ಬಂದ ಮೇಲೆ, ಸಂಶಿಯ ರೈತನೊಬ್ಬ ಒಯ್ದ ಎಂದು ಹೇಳಿದ್ದೆ. "ಯಾರ ಮನಿ?" ಎಂದು ಒಮ್ಮೆ ಕೇಳಿದ. ನೆನಪಿಲ್ಲ ಎಂದೆ. ಮತ್ತೆ ಯಾವತ್ತೂ ಆ ಮಾತು ತೆಗೆಯಲಿಲ್ಲ. ನನಗೆ ನಾಚಿಕೆಯಾಯಿತು.

ಸಂಜೆ ಕಟ್ಟೆಯ ಮೇಲೆ ಅವನ ಬಾಜು ಕೂತೆ.

"ಅಪ್ಪಾ, ಬ್ಯಾಟರಿ ಬದ್ಲಿ ಮಾಡಸೂಣೇನು? ನೀ ಹೂಂ ಅಂದ್ರ ಅಷ್ಟ."

"ಮಾಡಸು," ಅಂದ.

ನಾನು ವಾದ ಮಾಡಲು ಸಿದ್ಧನಾಗಿ ಬಂದಿದ್ದೆ. "ಮತ್ತ ಇಷ್ಟ ದಿನ ಯಾಕ ಬ್ಯಾಡ ಅಂದಿ?"

"ಬ್ಯಾಡ ಅಂದಿದ್ದು ಮಿಸ್ತ್ರಿಗೆ. ನೀ ಎಲ್ಲಿ ಕೇಳಿದ್ದಿ?" ಅಂಗಳದ ಗಾಡಿಯ ಕಡೆ ಕೈ ತೋರಿಸಿದ. "ಇದು ಬಂದ ವಾರಕ್ಕ ಸಂಶಿಗೆ ಹೋಗಿದ್ದೆ. ಓಣಿ ಓಣಿ ತಿರಗಿ ಎತ್ತು ಕೇಳಿದೆ. ಒಯ್ದವರು ಯಾರೂ ಇಲ್ಲ."

ಅಪ್ಪ ನನ್ನ ಕಡೆ ತಿರುಗಿದ.

"ಈಗ ಹೇಳು. ಇವು ನಾಲ್ಕು ಎಲ್ಲಿ ಹೊಕ್ಕಾವು?"

"ಗುಜರಿಗೆ, ಅಪ್ಪಾ. ಒಡೀತಾರ."

"ಹೂಂ," ಅಂದ ಅಪ್ಪ. "ಹಂಗ ಹೇಳಬೇಕು."