ಊರ ಪಾದಗಳ ಮೇಲೆ ಪುಟ್ಟಬಸಮ್ಮನ ಕಣ್ಣು

ಮಂಜು ಇನ್ನೂ ಕರಗಿಲ್ಲ. ದೊಡ್ಡಗಾಜನೂರಿನ ರಾಚಪ್ಪ ಅರಿಶಿನದ ಹೊಲಕ್ಕೆ ಹೊರಡುವ ಮುನ್ನ ಜಗಲಿಯಲ್ಲಿ ಕೂತು ಕಾಫಿ ಲೋಟ ಎತ್ತಿಕೊಳ್ಳುವಷ್ಟರಲ್ಲಿ ಪುಟ್ಟಬಸಮ್ಮ ಎದುರಿಗೆ ಬಂದು ಕೂತಾಗಿದೆ. ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ನೋಡುವುದು ಆಮೇಲೆ. ಮೊದಲು ಅವರ ಪಾದಗಳನ್ನು ಮಡಿಲಿಗೆಳೆದುಕೊಂಡು ಹಿಮ್ಮಡಿ, ಬೆರಳ ಸಂದುಗಳನ್ನೆಲ್ಲ ಸವರಿ ನೋಡುತ್ತಾರೆ. ಎಪ್ಪತ್ತು ದಾಟಿದ ರಾಚಪ್ಪ ಅಭ್ಯಾಸಬಲದಿಂದ ಆಕೆಯ ತಲೆಯ ಮೇಲೆ ಕೈಯಿಡುತ್ತಾರೆ.

"ನೂರ್ ವರ್ಸ ಬಾಳು ಕಣವ್ವ."

"ಆಸೀರ್ವಾದ ಆಮ್ಯಾಕ ಮಾಡಿ ಮಾವ. ಈ ಕಾಪಿಗ ಎಷ್ಟ್ ಸಕ್ರ ಆಕುಸ್ದ್ರಿ, ಅದ ಮೊದ್ಲು ಯೋಳಿ."

ರಾಚಪ್ಪ ಲೋಟವನ್ನು ಮೆಲ್ಲಗೆ ಕಂಬದ ಮರೆಗೆ ಸರಿಸುತ್ತಾರೆ.

ಐವತ್ತು ದಾಟಿದ ಪುಟ್ಟಬಸಮ್ಮ ಬಿಪಿ, ಸಕ್ಕರೆ ಕಾಯಿಲೆಯವರ ಮನೆಬಾಗಿಲಿಗೆ ಮಾತ್ರೆ ತಲುಪಿಸುವ ಆರೋಗ್ಯ ಕಾರ್ಯಕರ್ತೆ. ದಿನಕ್ಕೆ ಹತ್ತು ಹನ್ನೆರಡು ಮನೆ. ಜನ ಹೊಲಕ್ಕೆ ಹೋಗುವ ಮೊದಲೇ ಹಿಡಿಯದಿದ್ದರೆ ಮತ್ತೆ ಸಿಗುವುದು ಸಂಜೆಗೇ. ಪಾದ ನೋಡುವುದು ಮಾತ್ರ ಆಕೆಯೇ ಹಚ್ಚಿಕೊಂಡ ಕೆಲಸ.

ಅದಕ್ಕೆ ಕಾರಣ ಗಂಡ ಚಿಕ್ಕಬಸಪ್ಪ. ಸಕ್ಕರೆ ಕಾಯಿಲೆಯಿಂದ ಅವರ ಪಾದಗಳಿಗೆ ಸ್ಪರ್ಶವೇ ತಿಳಿಯದಂತಾಗಿತ್ತು. ಆಲೂಗಡ್ಡೆ ಹೊಲದಲ್ಲಿ ಗುದ್ದಲಿ ತಾಗಿ ಆದ ಗಾಯ ಕೀವಾಗಿ, ಕೊನೆಗೆ ಒಂದು ಕಾಲನ್ನು ಮೊಣಕಾಲ ಕೆಳಗೆ ತೆಗೆಯಬೇಕಾಯಿತು. "ನೋಯ್ನಿಲ್ಲ, ಅದ್ಕೇ ನೋಡ್ನಿಲ್ಲ. ಒಸಿ ನೋವಿದ್ದಿದ್ರ ಕಾಲು ಉಳೀತಿತ್ತು," ಎನ್ನುತ್ತಾರೆ ಪುಟ್ಟಬಸಮ್ಮ. ಅವರ ಮನೆಯಲ್ಲಿ, ಪಕ್ಕದ ಮಂಚದ ಮೇಲೆ ಬೆಳ್ಳುಳ್ಳಿ ಬಿಡಿಸುತ್ತಿರುವ ಚಿಕ್ಕಬಸಪ್ಪ ತಲೆಯೆತ್ತದೆ ನಗುತ್ತಾರೆ: "ಊರ್ನೋರ್ ಕಾಲೆಲ್ಲ ಆದ್ಮ್ಯಾಕ ನನ್ ಸರದಿ. ಒಂದೇ ಅಲ್ವಾ, ಬ್ಯಾಗ ಮುಗೀತದ."

ಹಿರಿಯರು ಹರಸಿ ಕಾಲು ಚಾಚುತ್ತಾರೆ, ತೊಂದರೆಯಿಲ್ಲ. ಕಷ್ಟವೆಲ್ಲ ಕಿರಿಯರದ್ದು. ಮೂವತ್ತಾರಕ್ಕೇ ಸಕ್ಕರೆ ಕಾಯಿಲೆ ಹತ್ತಿದ ಶಿವಶಂಕರ ಆಕೆಯನ್ನು ಕಂಡೊಡನೆ ಕಾಲು ಮಡಚಿಕೊಳ್ಳುತ್ತಿದ್ದ. "ಬ್ಯಾಡ ದೊಡ್ಡವ್ವ, ನೀನು ದೊಡ್ಡೋಳು. ನನ್ ಕಾಲ ಮುಟ್ಟುದ್ರ ನಂಗ ಪಾಪ ಬತ್ತದ," ಎನ್ನುತ್ತಿದ್ದ.

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅವನು ರಾತ್ರಿಯಿಡೀ ಹೊಲಕ್ಕೆ ಆನೆ ನುಗ್ಗದಂತೆ ಕಾವಲು ಕಾದು ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟಿದ್ದ. ಪುಟ್ಟಬಸಮ್ಮನಿಗೆ ಅದರೊಳಗೆ ನೆತ್ತರು, ಕೀವು ಕಂಡಿತು. ಮರುಮಾತಾಡದೆ ಕಾಲು ಹಿಡಿದೆಳೆದರು. ಜಾಲಿಮುಳ್ಳು ಚಪ್ಪಲಿ ತೂರಿ ಕಿರುಬೆರಳ ಬುಡದಲ್ಲಿ ಮುರಿದಿತ್ತು. ಬೆರಳು ಕಪ್ಪಾಗಿತ್ತು.

"ಏನೂ ಇಲ್ಲ ಬುಡು ದೊಡ್ಡವ್ವ. ನೋಯ್ತಾನೇ ಇಲ್ಲ."

"ನೋಯ್ದೇ ಇರಾದೇ ಕಣ್ಲಾ ರೋಗ! ನಡಿ ಆಸ್ಪತ್ರಗ."

"ನಾಳ ಕೋಸು ಕುಯ್ಬೇಕು, ಲಾರಿ ಬತ್ತದ. ಆಮ್ಯಾಕ ಓಯ್ತೀನಿ."

ಪುಟ್ಟಬಸಮ್ಮ ಹೊಸ್ತಿಲಿಗೆ ಅಡ್ಡ ಕೂತುಬಿಟ್ಟರು. "ನಿಮ್ ದೊಡ್ಡಪ್ಪನೂ ಇಂಗೇ ಆಮ್ಯಾಕ ಅಂದ್ರು. ಪಾಪ ಬರಾದಿದ್ರ ನಂಗೇ ಬರ್ಲಿ. ಏಳ್ಲಾ!" ಶಿವಶಂಕರನ ಹೆಂಡತಿ ರಂಜಿತ ಒಳಗಿಂದ ಅಂಗಿ ತಂದು ಅವನ ಹೆಗಲಿಗೆ ಹಾಕಿದಳು. "ಕೋಸ ನಾನು ಕುಯ್ಸ್ತೀನಿ. ನೀವು ಓಗಿ."

ತಾಳವಾಡಿಯಲ್ಲಿ ನೋಡಿದ ಡಾಕ್ಟರು ತಡಮಾಡದೆ ಸತ್ಯಮಂಗಲಕ್ಕೆ ಕಳಿಸಿದರು. ಘಟ್ಟ ಇಳಿಯುವ ಬಸ್ಸಿನಲ್ಲಿ ಅವನ ಕಾಲು ಪುಟ್ಟಬಸಮ್ಮನ ಮಡಿಲಲ್ಲೇ ಇತ್ತು. ಈ ಸಲ ಅವನು ಎಳೆದುಕೊಳ್ಳಲಿಲ್ಲ. ಕಿಟಕಿಯತ್ತ ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ಕಿರುಬೆರಳು ಹೋಯಿತು. ಪಾದ ಉಳಿಯಿತು.

ಈಗ ಕಾವಲಿಗೆ ಹೋದಾಗ ಶಿವಶಂಕರ ಆನೆಗೆಂದು ಒಯ್ದ ಟಾರ್ಚನ್ನು ಮೊದಲು ಜೊತೆಯವರ ಪಾದಗಳಿಗೆ ಬಿಡುತ್ತಾನಂತೆ. ಮುಳ್ಳು, ಗುಳ್ಳೆ ಕಂಡರೆ ಬೆಳಗಾಗುತ್ತಲೇ ಆಕೆಯ ಮನೆಗೆ ಕರೆತರುತ್ತಾನೆ. "ನಾನು ಯೋಳ್ಕೊಡ್ನಿಲ್ಲ ಕಣಪ್ಪ. ಅವ್ನೇ ಕಲ್ತ," ಎನ್ನುವಾಗ ಪುಟ್ಟಬಸಮ್ಮನ ಮುಖ ಅರಳುತ್ತದೆ.

ಚಾಮರಾಜನಗರದಲ್ಲಿರುವ ಮಗಳು ಮೇಘ ಬಾಣಂತಿ. ಊರು ಬಿಟ್ಟು ಒಂದು ರಾತ್ರಿಯೂ ಹೊರಗೆ ಉಳಿಯದ ತಾಯಿಯ ಮೇಲೆ ಅವಳಿಗೆ ಸಿಟ್ಟು. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಪುಟ್ಟಬಸಮ್ಮ ಗಂಡನ ಕಡೆ ನೋಡುತ್ತಾರೆ.

"ಇವ್ರ್ನೂ ಕರ್ಕೊಂಡು ಓಗಿ, ಒಂದೆಂಟ್ ದಿನ ಮೊಮ್ಮಗೀನ ಎತ್ಕೊಂಡ್ ಇದ್ದು ಬತ್ತೀನಿ. ಊರ್ ಕಾಲ ನೋಡಕ ಈಗ ಜನ ಅವ್ರ."