ಬ್ರೇಕಮ್ಮನ ಬೆಳಗಿನ ಬ್ಯಾಚು

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕು ಇರುತ್ತದೆ. ಮದುವೆಗೆ ಮುಂಚಿನಿಂದಲೂ ಅದರ ಮೇಲೆ ಕಾಲಿಟ್ಟುಕೊಂಡೇ ಕೂತವಳಿಗೆ ಬ್ರೇಕಮ್ಮ ಎಂಬ ಹೆಸರು ಅಂಟಿಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಗಂಡನ ಕಾರಿನಲ್ಲಿ ಪಕ್ಕಕ್ಕೆ ಕೂತಾಗಲೂ ಅವಳ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

"ಕಾಲು ಸುಮ್ನೆ ಇಟ್ಕೋ. ಓಡಿಸ್ತಿರೋದು ನಾನು" ಎಂದು ಗಂಡ ಮುಖ ಸಿಂಡರಿಸುತ್ತಿದ್ದ.

ಗಂಡ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಮನೆಯಲ್ಲಿ ಅವನು ತೊಳೆಯುತ್ತಿದ್ದ ಒಂದೇ ಒಂದು ವಸ್ತು ಆ ಕಾರು. ಅದನ್ನು ತೊಳೆಯುವಾಗ, ಒಳಗೆ ಪಾತ್ರೆ ತೊಳೆಯುತ್ತಿದ್ದವಳು ಕೈ ಒರೆಸಿಕೊಂಡು ಬಂದು ಅವನಿಗೆ ಟೀ ಕೊಟ್ಟು ಹೋಗಬೇಕಿತ್ತು. ರಸ್ತೆಯ ವಿಚಾರದಲ್ಲಿ ಅವನ ಅಭಿಪ್ರಾಯಗಳಿಗೆ ಬರವಿರಲಿಲ್ಲ. ಸೈಕಲ್ಲಿನವರು ಅಡ್ಡಾದಿಡ್ಡಿ ಹೋಗುತ್ತಾರೆ, ಕೈ ತೋರಿಸದೆ ತಿರುಗುತ್ತಾರೆ, ಬಿದ್ದರೆ ತಪ್ಪನ್ನು ಕಾರಿನವನ ತಲೆಗೆ ಕಟ್ಟುತ್ತಾರೆ. ಟಿವಿಯಲ್ಲಿ ಯಾವ ಅಪಘಾತದ ಸುದ್ದಿ ಬಂದರೂ ಅವನ ತೀರ್ಪು ಸಿದ್ಧವಾಗಿರುತ್ತಿತ್ತು.

ತಾಪತ್ರಯ ಶುರುವಾದದ್ದು ಮಗಳ ಸ್ಕೂಲ್ ವ್ಯಾನು ಇವರ ಬೀದಿಗೆ ಬರುವುದನ್ನು ನಿಲ್ಲಿಸಿದಾಗ. ಏಳನೇ ಕ್ಲಾಸಿನ ಮಗಳು, ಸೋದರತ್ತೆಯ ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಸೈಕಲ್ಲಿನಲ್ಲಿ ತಾನೇ ಹೋಗುತ್ತೇನೆಂದಳು. ಗಂಡ ಒಂದೇ ಮಾತಿನಲ್ಲಿ ಬೇಡವೆಂದ. "ಈ ರೋಡಲ್ಲಿ ಸೈಕಲ್ಲಾ? ಬೆಳಗ್ಗೆ ನೀನೇ ಬಿಟ್ಟು ಬಾ" ಎಂದು ಹೆಂಡತಿಗೆ ಹೇಳಿ ಪೇಪರು ಬಿಡಿಸಿದ.

ಬೆಳಗ್ಗೆ ಎಂದರೆ ಬ್ರೇಕಮ್ಮನ ಹೆಂಗಸರ ಬ್ಯಾಚು. ಹಣ್ಣಿನಂಗಡಿಯವಳು, ರಾತ್ರಿ ಪಾಳಿ ಮುಗಿಸಿ ಬರುವ ನರ್ಸು, ಮತ್ತಿಬ್ಬರು ಗೃಹಿಣಿಯರು. ಗೃಹಿಣಿಯರಿಬ್ಬರೂ ಡಬ್ಬಿ ಕಟ್ಟಿಟ್ಟು, ಮನೆಯವರು ಇನ್ನೊಂದು ಕೆಲಸ ಹೇಳುವಷ್ಟರಲ್ಲಿ ತಪ್ಪಿಸಿಕೊಂಡು ಬರುತ್ತಿದ್ದರು. ಬೇರೆ ಹೊತ್ತಿನಲ್ಲಿ ಅವರನ್ನು ಯಾರೂ ಹೊರಗೆ ಬಿಡುತ್ತಿರಲಿಲ್ಲ. ಬ್ರೇಕಮ್ಮ ಆ ಹೊತ್ತು ಬಿಟ್ಟುಕೊಟ್ಟರೆ ಬ್ಯಾಚು ಇನ್ನೊಬ್ಬ ಮೇಷ್ಟ್ರ ಪಾಲಾಗುತ್ತಿತ್ತು. "ಸ್ಟೇರಿಂಗು ಅಂದ್ರೆ ಸೌಟು ಅಂದ್ಕೊಂಡ್ರಾ?" ಎಂದು ಅವನು ಗದರಿದರೆ ನಾಲ್ವರೂ ಮರುದಿನವೇ ನಿಲ್ಲಿಸುವುದು ಖಂಡಿತ.

ಅತ್ತೆ ಸೊಸೆಯ ಕಡೆ ವಾಲಿದರು. "ಲೋ, ಅವಳ ವಯಸ್ಸಲ್ಲಿ ನೀನು ಊರೆಲ್ಲಾ ಸೈಕಲ್ ತುಳಿದೋನು."

"ಆಗ ಇಷ್ಟೊಂದು ಕಾರಿರಲಿಲ್ಲಮ್ಮ."

"ಇಷ್ಟೊಂದು ಕಾರು ತಂದೋರು ಯಾರು, ಸೈಕಲ್ಲಿನವರಾ?"

ಗಂಡ ಸ್ವಲ್ಪ ಇಳಿದು ಬಂದ. "ಸರಿ, ಸೋಮವಾರ ಒಂದು ದಿನ ಹೋಗಲಿ. ನಾನು ಹಿಂದೆ ಬಂದು ನೋಡ್ತೀನಿ. ಆಮೇಲೆ ಹೇಳ್ತೀನಿ."

ಏನು ಹೇಳುತ್ತಾನೆಂದು ಬ್ರೇಕಮ್ಮನಿಗೆ ಆಗಲೇ ಗೊತ್ತಿತ್ತು. ಆದರೂ ಶನಿವಾರ, ಭಾನುವಾರ ಮಗಳನ್ನು ಬೀದಿಬೀದಿ ಸುತ್ತಿಸಿದಳು. ನಿಂತ ಕಾರುಗಳಿಂದ ಒಂದು ತೋಳಿನಷ್ಟು ದೂರ ಇರು, ತಿರುಗುವ ಮುಂಚೆ ಹಿಂದೆ ನೋಡು, ಕೈ ಚಾಚು, ಆತುರಪಡಬೇಡ.

ಸೋಮವಾರ ಹಣ್ಣಿನಂಗಡಿಯವಳ ಕೈಗೆ ಸ್ಟೇರಿಂಗ್ ಕೊಟ್ಟು ಬ್ರೇಕಮ್ಮ ಮಾರ್ಕೆಟ್ ರಸ್ತೆಗೆ ಬಂದಾಗ ಎದುರಿನಿಂದ ಹಾರ್ನುಗಳ ಗದ್ದಲ ಕೇಳಿತು.

"ಏನಕ್ಕಾ, ಮುಂದೆ ಏನಾದ್ರೂ ಮೆರವಣಿಗೆನಾ?"

ಬ್ರೇಕಮ್ಮ ಕತ್ತು ಚಾಚಿ ನೋಡಿದಳು. ಎಲ್ಲರಿಗಿಂತ ಮುಂದೆ, ರಸ್ತೆಯ ಅಂಚಿನಲ್ಲಿ, ಬೆನ್ನು ನೆಟ್ಟಗೆ ಮಾಡಿಕೊಂಡು ಮಗಳು ಬರುತ್ತಿದ್ದಳು. ಅವಳ ಹಿಂದೆಯೇ, ಎರಡೂ ಕಡೆಯ ಇಂಡಿಕೇಟರ್ ಮಿನುಗಿಸುತ್ತಾ ಆಮೆಯಂತೆ ತೆವಳುತ್ತಿತ್ತು ಫಳಫಳ ಹೊಳೆಯುವ ಅವರದೇ ಕಾರು. ಅದರ ಹಿಂದೆ ಹನುಮಂತನ ಬಾಲದಷ್ಟು ಸಾಲು. ತಾಳ್ಮೆಗೆಟ್ಟವರು ಆ ಕಾರನ್ನು ಹಿಂದಿಕ್ಕಿ ನುಗ್ಗಿ, ಸೀದಾ ಮಗಳ ಹ್ಯಾಂಡಲ್ಲಿನ ಪಕ್ಕಕ್ಕೆ ಬಂದು ಸೇರುತ್ತಿದ್ದರು. ಒಂದು ಬ್ರೆಡ್ಡಿನ ವ್ಯಾನಂತೂ ಸವರಿಕೊಂಡೇ ಹೋಯಿತು. ಸೈಕಲ್ಲು ಓಲಾಡಿ, ಮತ್ತೆ ನೆಟ್ಟಗಾಯಿತು.

ಗಂಡನ ಪಿತ್ತ ನೆತ್ತಿಗೇರಿತು. ವ್ಯಾನಿನವನಿಗೆ ಬೈಯಲೆಂದು ರಸ್ತೆ ಮಧ್ಯದಲ್ಲೇ ಕಾರು ನಿಲ್ಲಿಸಿ, ಹಿಂದೆ ನೋಡದೆ ಬಾಗಿಲು ದಢಾರನೆ ತೆಗೆದ. ಪಕ್ಕದಲ್ಲೇ ಸೈಕಲ್ಲಿನಲ್ಲಿ ಬರುತ್ತಿದ್ದ ಪೇಪರ್ ಹಾಕುವ ಮುದುಕ, ಬಾಗಿಲು ತಪ್ಪಿಸಲು ಹೋಗಿ ಡ್ರೈವಿಂಗ್ ಸ್ಕೂಲಿನ ಕಾರಿಗೇ ಎದುರಾದ. ಬ್ರೇಕಮ್ಮ ಕಾಲು ಒತ್ತುವಷ್ಟರಲ್ಲಿ ಪೆಡಲು ತಾನಾಗಿ ಕೆಳಗಿಳಿದಿತ್ತು. ಹಣ್ಣಿನಂಗಡಿಯವಳು ಆಗಲೇ ಬ್ರೇಕು ಹಾಕಿದ್ದಳು. ಮುದುಕನಿಗೂ ಬಂಪರಿಗೂ ನಡುವೆ ಗೇಣು ಜಾಗ ಉಳಿದಿತ್ತು.

ಮುದುಕ ಸಾವರಿಸಿಕೊಂಡು ಗಂಡನ ಕಡೆ ತಿರುಗಿದ. "ಕನ್ನಡಿ ಇರೋದು ಕ್ರಾಪು ತೀಡಕ್ಕಲ್ಲ ಸ್ವಾಮಿ."

"ಯಾರಕ್ಕಾ ಈ ಪುಣ್ಯಾತ್ಮ?" ಹಣ್ಣಿನಂಗಡಿಯವಳು ಹ್ಯಾಂಡ್ ಬ್ರೇಕು ಎಳೆದಳು. "ನಮ್ಮ ಸ್ಕೂಲಿಗೇ ಸೇರಿಸ್ಕೊಳ್ಳಿ."

"ನಮ್ಮನೆಯವರು."

ಹಣ್ಣಿನಂಗಡಿಯವಳು ನಾಲಿಗೆ ಕಚ್ಚಿಕೊಂಡಳು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಮಗಳು ಹಿಂದೆ ನೋಡಿ, ಕೈ ಚಾಚಿ, ಸ್ಕೂಲಿನ ರಸ್ತೆಗೆ ತಿರುಗಿಯಾಗಿತ್ತು.

ಸಂಜೆ ಗಂಡ ಮೆತ್ತಗೆ ಒಳಗೆ ಬಂದ. "ಏನಪ್ಪಾ, ನಿನ್ನ ಪರೀಕ್ಷೆ ಏನಾಯ್ತು?" ಅತ್ತೆ ಕೇಳಿದರು.

"ಅಪ್ಪ ಹಿಂದೆ ಇದ್ದಾಗ ಮಾತ್ರ ಭಯ ಆಯ್ತಜ್ಜಿ" ಎಂದಳು ಮಗಳು. "ಆಮೇಲೆ ಏನೂ ಅನ್ನಿಸಲಿಲ್ಲ."

ಹುರುಳಿಕಾಯಿ ಹೆಚ್ಚುತ್ತಿದ್ದ ಬ್ರೇಕಮ್ಮ ತಲೆಯೆತ್ತದೆ ಕೇಳಿದಳು. "ಹೋಗಲಿ ಅಂತೀರೋ, ಬೇಡ ಅಂತೀರೋ? ಬ್ಯಾಚಿನ ವಿಚಾರ ಡ್ರೈವಿಂಗ್ ಸ್ಕೂಲಿನ ಓನರಿಗೆ ಇವತ್ತೇ ಹೇಳಬೇಕು."

"ಹೋಗಲಿ." ಗಂಡ ಗಂಟಲು ಸರಿಮಾಡಿಕೊಂಡ. "ಆದ್ರೆ ಒಂದು ವಾರ ಯಾರಾದ್ರೂ ಜೊತೆಗೆ ಹೋದ್ರೆ ಒಳ್ಳೇದು."

ಆ ಮನೆಯಲ್ಲಿ ಯಾರಾದರೂ ಹಾಲು ತರಬೇಕು, ಯಾರಾದರೂ ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು, ಯಾರಾದರೂ ಬಾಗಿಲು ತೆಗೆಯಬೇಕು. ಆ ಯಾರಾದರೂ ಯಾವಾಗಲೂ ಒಬ್ಬಳೇ. ಬ್ರೇಕಮ್ಮ ಚಾಕು ಕೆಳಗಿಟ್ಟಳು.

"ಯಾರು?"

ಗಂಡ ತಾಯಿಯನ್ನು ನೋಡಿದ. ಅವರು ಕನ್ನಡಕ ಒರೆಸುತ್ತಿದ್ದರು. ಮಗಳನ್ನು ನೋಡಿದ. ಅವಳು ಕಾಯುತ್ತಿದ್ದಳು.

"ನಾನೇ" ಎಂದ.

"ಕಾರಲ್ಲಾ?" ಮಗಳು ಗಾಬರಿಯಾದಳು.

"ಸೈಕಲ್ಲಲ್ಲೇ ಕಣೇ. ಪಕ್ಕದ ಮನೇಲಿ ಒಂದು ಸುಮ್ನೆ ನಿಂತಿದೆ, ಕೇಳ್ತೀನಿ."

ಬ್ರೇಕಮ್ಮ ಓನರಿಗೆ ಫೋನು ಮಾಡಿದಳು. "ಬೆಳಗಿನ ಬ್ಯಾಚು ನನ್ನ ಹತ್ರಾನೇ ಇರಲಿ ಸಾರ್. ಇನ್ನೂ ಇಬ್ಬರು ಕೇಳ್ತಿದ್ದಾರೆ, ಅವರನ್ನೂ ಸೇರಿಸ್ಕೊಳ್ಳಿ."

ಸ್ವಲ್ಪ ಹೊತ್ತಿಗೆ, ಗಾಳಿ ಹೊಡೆಯುವ ಪಂಪು ಎಲ್ಲಿದೆಯೆಂದು ಗಂಡ ಅಂಗಳದಿಂದ ಕೂಗಿ ಕೇಳಿದ. ಎಲ್ಲಿದೆಯೆಂದು ಬ್ರೇಕಮ್ಮ ಕೂತಲ್ಲಿಂದಲೇ ಹೇಳಿದಳು. ತಂದುಕೊಡಲು ಏಳಲಿಲ್ಲ.