ಬೊಗಸೆ ಸಾಹುಕಾರರ ನೀಲಿ ಡ್ರಮ್ಮು

ಅವರ ಕೈ ದೊಡ್ಡದು. ಎರಡೂ ಕೈ ಜೋಡಿಸಿದರೆ ಅರ್ಧ ಸೇರು ಕಡಲೆ ಹಿಡಿಯುತ್ತಿತ್ತು. ಪೇಟೆಯಲ್ಲಿ ಅವರಿಗೆ ಬೊಗಸೆ ಸಾಹುಕಾರ ಎಂದು ಹೆಸರು ಬಿದ್ದದ್ದು ಅದಕ್ಕಲ್ಲ, ಬೊಗಸೆ ನಿಲ್ಲಿಸಿದ್ದಕ್ಕೆ. ಆದರೆ ನಿಲ್ಲಿಸುವ ಮುಂಚೆ ಹದಿನೆಂಟು ವರ್ಷ ಅವರೂ ತೆಗೆದಿದ್ದರು. ಅದನ್ನು ಬಿಟ್ಟು ಅವರ ಕತೆ ಹೇಳಿದರೆ ಅವರಿಗೇ ಸಿಟ್ಟು ಬರುತ್ತಿತ್ತು.

ಮೊದಲು ಅವರು ರೈತರು. ಮದುವೆಯಾದ ಮೂರನೇ ತಿಂಗಳಿಗೆ ಹತ್ತು ಮೂಟೆ ಕಡಲೆ ತಂದು ಪೇಟೆಯಲ್ಲಿ ಇಳಿಸಿದರು. ಹೆಂಡತಿಯೂ ಜೊತೆಗೆ ಬಂದಿದ್ದಳು. ಅಂಗಡಿಯವನು ಮೂಟೆಯ ಬಾಯಿ ಬಿಚ್ಚಿ, ಕಾಳು ಹೇಗಿದೆ ನೋಡೋಣ ಎಂದು ಒಂದು ಬೊಗಸೆ ತೆಗೆದ. ನೋಡಿದ. ನೋಡಿದ್ದನ್ನು ಮೂಟೆಗೆ ಹಾಕಲಿಲ್ಲ, ಪಕ್ಕದ ಬುಟ್ಟಿಗೆ ಹಾಕಿಕೊಂಡ. ಆಮೇಲೆ ಗುಮಾಸ್ತ ನೋಡಿದ. ಆಮೇಲೆ ಹಮಾಲಿ ನೋಡಿದ. ಅಂಗಡಿಯವನ ಮಾವ ಸುಮ್ಮನೆ ಮಾತಾಡಲು ಬಂದವನು, ಅವನೂ ನೋಡಿದ. ಹತ್ತು ಮೂಟೆಗೂ ಹೀಗೇ. ತೂಕ ಆದದ್ದು ಇಷ್ಟೆಲ್ಲ ಆದ ಮೇಲೆ.

ವಾಪಸು ಬರುವಾಗ ಅವರು ಬೆರಳು ಮಡಚಿ ಏನೋ ಎಣಿಸುತ್ತಿದ್ದರು.

"ಏನ್ರೀ ಯೋಚನೆ?" ಎಂದಳು ಹೆಂಡತಿ.

"ನಾಲ್ಕು ಜನ ನೋಡಿದ್ರು. ಒಬ್ಬನಾದ್ರೂ ಚೆನ್ನಾಗಿದೆ ಅನ್ನಲಿಲ್ಲ."

ಐದು ವರ್ಷ ಕಳೆದ ಮೇಲೆ ಹೊಲವನ್ನು ತಮ್ಮನಿಗೆ ಬಿಟ್ಟು ಅದೇ ಪೇಟೆಯಲ್ಲಿ ಅಂಗಡಿ ಹಾಕಿದರು. ಮೊದಲ ದಿನ ಸಂಜೆ ಮನೆಗೆ ಒಂದು ಚೀಲ ಕಡಲೆ ತಂದರು.

"ಏನಿದು?"

"ನೋಡಿದ್ದು," ಎಂದರು.

ಅದೇನೆಂದು ಅವಳಿಗೆ ಗೊತ್ತಿತ್ತು. ಒಲೆಯ ಪಕ್ಕ ಒಂದು ನೀಲಿ ಡ್ರಮ್ಮು ಇಟ್ಟಳು. ಹದಿನೆಂಟು ವರ್ಷ ಅದರ ತಳ ಕಾಣಲಿಲ್ಲ. ಇಬ್ಬರು ಹೆಣ್ಣುಮಕ್ಕಳು ಅದರಲ್ಲೇ ಉಂಡು ಬೆಳೆದರು.

ಒಂದು ಸಲ ತಮ್ಮನೇ ಮೂಟೆ ತಂದ. ಅಂಗಡಿಯಲ್ಲಿ ಜನ ಜಾಸ್ತಿ ಇದ್ದರು. ಅವರು ಒಂದರ ಹಿಂದೆ ಒಂದು ಮೂಟೆಗೆ ಕೈ ಹಾಕುತ್ತಾ ಹೋಗಿ, ತಮ್ಮನ ಮೂಟೆಗೂ ಹಾಕಿದರು. ಬೇಕೆಂದು ಮಾಡಿದ್ದಲ್ಲ. ಕೈಗೆ ಅಭ್ಯಾಸವಾಗಿತ್ತು. ತಮ್ಮನು ಮೂಟೆ ಕುಲುಕಿ ಅದರ ಬಾಯಿ ಕಟ್ಟಿದ. ಮಧ್ಯಾಹ್ನ ಮನೆಗೆ ಬಂದು ಊಟಕ್ಕೆ ಕೂತ. ಎರಡು ಸಲ ಹಾಕಿಸಿಕೊಂಡು ಉಂಡ.

"ಚೆನ್ನಾಗಿದೆ ಅತ್ತಿಗೆ," ಎಂದ. "ನಮ್ಮ ಹೊಲದ್ದೇ ಅಲ್ವಾ?"

ಅವರು ಅರ್ಧಕ್ಕೇ ಕೈ ತೊಳೆದರು.

ಮರುದಿನ ಅಂಗಡಿಯಲ್ಲಿ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತರು. ಅಕ್ಕಪಕ್ಕದ ಅಂಗಡಿಯವರು ನಕ್ಕರು.

"ಏನ್ ಸಾಹುಕಾರ್ರೇ, ಕಾಳು ನೋಡೋದೇ ಬಿಟ್ರಲ್ಲ, ಕಣ್ಣು ಮಂಜಾಯ್ತಾ?"

ಒಬ್ಬರು ಬಿಟ್ಟರೆ ಏನೂ ಆಗಲಿಲ್ಲ. ಉಳಿದ ಮೂವತ್ತು ಅಂಗಡಿಯವರು ನೋಡುತ್ತಲೇ ಇದ್ದರು. ಹಾಗಾಗಿ ಅವರು ಪುರಸಭೆ ಚುನಾವಣೆಗೆ ನಿಂತರು. ಪೇಟೆ ಪುರಸಭೆಯ ಕೈಯಲ್ಲಿತ್ತು. ರಸ್ತೆ, ದೀಪ, ಚರಂಡಿ ಎಂದು ಎಲ್ಲರೂ ಹೇಳುತ್ತಿದ್ದರು. ಇವರು ಹೇಳಿದ್ದು ಒಂದೇ: ನೋಡಿದ ಕಾಳು ಮೂಟೆಗೇ ವಾಪಸು ಬೀಳಬೇಕು.

ಅವರ ಎದುರು ನಿಂತವರು ಎಣ್ಣೆ ಗಿರಣಿ ಯಜಮಾನರು. ಪೇಟೆಯ ಕಟ್ಟೆಯ ಮೇಲೆ ನಿಂತು ಅವರು ಮೈಕಿನಲ್ಲಿ ಕೇಳಿದರು: "ಇವರ ಅಡುಗೆಮನೆಯಲ್ಲಿ ಒಂದು ನೀಲಿ ಡ್ರಮ್ ಇದೆಯಂತೆ. ಅದರಲ್ಲಿರೋದು ಯಾರ ಹೊಲದ್ದು ಅಂತ ಮೊದ್ಲು ಹೇಳ್ಲಿ."

ಜನ ಹೋ ಎಂದರು. ಸಾಹುಕಾರರು ನೆಟ್ಟಗೆ ಮನೆಗೆ ಬಂದು ಡ್ರಮ್ಮಿನ ಮುಂದೆ ನಿಂತರು.

"ನಾಳೆ ಇದನ್ನ ಪೇಟೆಗೆ ಒಯ್ತೀನಿ."

"ಒಯ್ದು?"

"ಎಲ್ಲರಿಗೂ ತೋರಿಸ್ತೀನಿ. ವಾಪಸು ಕೊಡ್ತೀನಿ."

"ಕದ್ದದ್ದನ್ನ ಕದ್ದವರೇ ಹೊತ್ಕೊಂಡು ಹೋಗಿ ತೋರ್ಸೋದನ್ನ ನಾನೆಲ್ಲೂ ನೋಡಿಲ್ಲ," ಎಂದಳು ಹೆಂಡತಿ. "ದೊಡ್ಡವಳಿಗೆ ಗಂಡು ನೋಡ್ತಿದೀವಿ. ಕಳ್ಳಕಾಳು ತಿಂದು ಬೆಳೆದವಳು ಅಂದ್ರೆ ಯಾರು ಬರ್ತಾರೆ?"

"ತಿಂದಿರೋದು ನಿಜ ಅಲ್ವಾ?"

"ನಿಜ ಆದ್ರೆ? ಮೈಕಲ್ಲಿ ಹೇಳ್ಬೇಕಾ?"

"ಅವರು ಮೈಕಲ್ಲೇ ಕೇಳಿದ್ದು."

ಬೆಳಿಗ್ಗೆ ಅವರು ಡ್ರಮ್ಮು ಎತ್ತಲು ಹೋದರು. ಏಳಲಿಲ್ಲ. ಮೂರು ಸಲ ನೋಡಿದರು. ಅವಳು ಪಾತ್ರೆ ತಿಕ್ಕುತ್ತಾ ನೋಡುತ್ತಿದ್ದಳು. ತಾನು ಹಿಡಿಯದಿದ್ದರೆ ಡ್ರಮ್ಮು ಇಲ್ಲೇ ಇರುತ್ತದೆ, ಮಗಳ ಮದುವೆ ಸಲೀಸಾಗುತ್ತದೆ, ಇವರು ಸೋಲುತ್ತಾರೆ. ಇಷ್ಟೂ ಅವಳಿಗೆ ಗೊತ್ತಿತ್ತು. ನಾಲ್ಕನೇ ಸಲ ಅವರು ಬಗ್ಗಿದಾಗ ಕೈ ತೊಳೆದು ಬಂದು ಇನ್ನೊಂದು ಕಡೆ ಹಿಡಿದಳು.

"ಸೊಂಟ ಮುರ್ಕೋಬೇಡಿ," ಎಂದಳು. "ಭಾಷಣ ನಿಂತ್ಕೊಂಡೇ ಮಾಡ್ಬೇಕು."

ಭಾಷಣ ಚಿಕ್ಕದು. "ಇದು ನಿಮ್ಮದು. ಹದಿನೆಂಟು ವರ್ಷದ್ದು ತಿಂದಾಯ್ತು, ಇದೊಂದು ಉಳಿದಿದೆ. ಒಬ್ಬೊಬ್ಬರು ಒಂದೊಂದು ಬೊಗಸೆ ತಗೊಳ್ಳಿ."

ಮೊದಲು ಯಾರೂ ಬರಲಿಲ್ಲ. ಆಮೇಲೆ ಒಬ್ಬ ಮುದುಕ ಬಂದು ತೆಗೆದುಕೊಂಡ. ಆಮೇಲೆ ಸಾಲು ಅಂಚೆ ಕಚೇರಿಯವರೆಗೂ ಬೆಳೆಯಿತು. ಕ್ಷೌರದವನೂ ಸಾಲಿನಲ್ಲಿ ನಿಂತಿದ್ದ.

"ನಿಂದು ಯಾವ ಮೂಟೆನಪ್ಪಾ?" ಎಂದು ಅವರು ಕೇಳಿದರು.

"ಮೂಟೆ ಇಲ್ಲ ಸಾಹುಕಾರ್ರೇ. ಬೊಗಸೆ ಇದೆ."

ಅವನಿಗೂ ಕೊಟ್ಟರು. ಕೊನೆಗೆ ತಮ್ಮ ಬಂದ. ಡ್ರಮ್ಮಿನೊಳಗೆ ಇಣುಕಿದ. ತಳದಲ್ಲಿ ಸ್ವಲ್ಪ ಇತ್ತು. ಅವರು ಬಗ್ಗಿ ಎತ್ತಿಕೊಡಲು ಹೋದರೆ ಬೇಡ ಎಂದ.

"ನಂದು ಆವತ್ತೇ ಉಂಡೆ ಬಿಡಣ್ಣ."

ನಲವತ್ತೊಂದು ಮತದಿಂದ ಗೆದ್ದರು. ಆ ನಲವತ್ತೊಂದೂ ತನ್ನ ಅಂಗಡಿಯ ಗಿರಾಕಿಗಳದ್ದೇ ಎಂದು ಕ್ಷೌರದವನು ಈಗಲೂ ಹೇಳುತ್ತಾನೆ. ನಿಯಮ ಬಂತು. ಪ್ರತಿ ಅಂಗಡಿಯ ಕಂಬಕ್ಕೂ ಸರಪಣಿ ಹಾಕಿ ಒಂದು ತಗಡಿನ ಲೋಟ ಕಟ್ಟಿದರು. ಅದರಲ್ಲೇ ತೆಗೆದು ನೋಡಬೇಕು, ಮೂಟೆಗೇ ಸುರಿಯಬೇಕು. ಅಂಗಡಿಯವರು ಒಂಬತ್ತು ದಿನ ಬಾಗಿಲು ಹಾಕಿದರು. ಹತ್ತನೇ ದಿನ ತೆಗೆದರು. ಅವರವರ ಮನೆಯಲ್ಲಿ ಕಡಲೆ ಮುಗಿದಿತ್ತು.

ದೊಡ್ಡವಳ ಮದುವೆ ಮಾತುಕತೆಯಲ್ಲಿ ಬೀಗರು ಡ್ರಮ್ಮಿನ ವಿಷಯ ಎತ್ತಿದರು. ಹೆಂಡತಿ ಕೈಲಿದ್ದ ಕಾಫಿ ತಟ್ಟೆ ಕೆಳಗಿಟ್ಟಳು. ಬೀಗರ ಮನೆಯಲ್ಲಿ ಅಂಥವು ಎರಡಿದ್ದವಂತೆ.

ಮುಂದಿನ ಚುನಾವಣೆಯಲ್ಲಿ ಸಾಹುಕಾರರು ಸೋತರು. ಬೊಗಸೆ ನಿಂತ ಮೇಲೆ ರೈತರಿಗೆ ಅವರಿಂದ ಬೇರೆ ಕೆಲಸ ಇರಲಿಲ್ಲ. ಗಿರಣಿ ಯಜಮಾನರು ಗೆದ್ದು, ಲೋಟದ ನಿಯಮ ತಮ್ಮದೇ ಎಂದು ಪೇಪರಿಗೆ ಹೇಳಿದರು. ಇವರು ಅದನ್ನು ಹೆಂಡತಿಗೆ ಓದಿ ಹೇಳಿದರು.

"ಸುಮ್ನಿರ್ತೀರಾ?" ಎಂದಳು.

"ತಮ್ಮದೇ ಅಂದ್ಕೊಂಡ್ರೆ ಲೋಟ ತೆಗೆಸಲ್ಲ. ಅಂದ್ಕೊಳ್ಲಿ."

ಹೋದ ಚಳಿಗಾಲದಲ್ಲಿ ತೀರಿಕೊಂಡರು. ಬೆಳಿಗ್ಗೆ ಹನ್ನೊಂದು ಗಂಟೆ, ಅಂಗಡಿಯಲ್ಲಿ, ಬೋರಲು ಹಾಕಿದ ಬುಟ್ಟಿಯ ಮೇಲೆ ಕೂತಿದ್ದರು. ಯೋಚನೆ ಮಾಡುತ್ತಿದ್ದಾರೆ ಎಂದು ಹಮಾಲಿ ಚಹಾ ಇಟ್ಟು ಕಾದ. ಚಹಾ ಆರಿತು.

ಈಗ ಅಂಗಡಿಯಲ್ಲಿ ಹೆಂಡತಿ ಕೂರುತ್ತಾಳೆ. ಬುಟ್ಟಿಯ ಮೇಲೆ ಕೂರುವುದಿಲ್ಲ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡಿದ್ದಾಳೆ. ಮೊದಲ ವಾರ ಒಬ್ಬ ರೈತ ಮೂಟೆ ಬಿಚ್ಚಿದ. ಲೋಟ ಕಂಬದಲ್ಲಿತ್ತು. ಅವಳಿಗೆ ಅದರ ನೆನಪಾಗಲಿಲ್ಲ, ಕೈ ತಾನಾಗಿ ಮೂಟೆಗೆ ಹೋಯಿತು. ಬೊಗಸೆ ತುಂಬಾ ಕಡಲೆ ಎತ್ತಿ ನೋಡಿದಳು. ಅವರ ಬೊಗಸೆಯ ಅರ್ಧವೂ ಇರಲಿಲ್ಲ. ಕಾಳು ಚೆನ್ನಾಗಿತ್ತು.

"ಚೆನ್ನಾಗಿದೆ," ಎಂದು ಬಾಯಿಬಿಟ್ಟು ಹೇಳಿದಳು. ವಾಪಸು ಸುರಿದಳು. ಎರಡು ಕಾಳು ನೆಲಕ್ಕೆ ಬಿದ್ದವು. ಅವಳು ಮಂಡಿ ಹಿಡಿದುಕೊಂಡು ಬಗ್ಗಿ ಹುಡುಕತೊಡಗಿದಳು.

"ಇರ್ಲಿ ಬಿಡಕ್ಕಾ, ಎರಡು ಕಾಳು," ಎಂದ ರೈತ.

"ಅವರಿದ್ದಿದ್ರೆ ಬಿಡ್ತಿದ್ರಾ?"

ರೈತ ಯೋಚಿಸಿದ. "ಇಲ್ಲ. ಭಾಷಣ ಮಾಡ್ತಿದ್ರು."

ಅವಳು ಎರಡೂ ಕಾಳು ಹುಡುಕಿ ಮೂಟೆಗೆ ಹಾಕಿದಳು. ಆಮೇಲೆ ತೂಕಕ್ಕೆ ಇಟ್ಟಳು.